ಮುಖ ತೋರಿಸದ ವಿಡಿಯೊ

2020ರ ಡಿಸೆಂಬರ್ ತಿಂಗಳು, ಗ್ರಾಮ ಪಂಚಾಯಿತಿ ಚುನಾವಣೆಯ ಕಾಲ. ಶಹಾಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ವೆಬ್ ಚಾನೆಲ್ ನಡೆಸುತ್ತಿದ್ದೆ. ಹೆಸರಿಗೆ ಪ್ರಧಾನ ಸಂಪಾದಕ. ವರದಿಗಾರ, ಕ್ಯಾಮೆರಾಮನ್, ಎಡಿಟರ್, ಬೆಳಿಗ್ಗೆ ಎದ್ದು ಕೋಣೆಯ ಕಸ ಹೊಡೆಯುವವ, ಎಲ್ಲವೂ ನಾನೇ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಸುರಪುರ ಮತ್ತು ಶಹಾಪುರದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸಿದ್ದೆ. ಊರೂರು ತಿರುಗಿ ಬರೆದದ್ದನ್ನು ಡೆಸ್ಕಿನವರು, ಅಂದರೆ ಕಚೇರಿಯಲ್ಲಿ ಕುಳಿತು ಸುದ್ದಿ ತಿದ್ದುವವರು, ನಾಲ್ಕು ಸಾಲಿಗೆ ಇಳಿಸಿ ಒಳಪುಟದ ಮೂಲೆಗೆ ತಳ್ಳುತ್ತಿದ್ದರು. ಅವರನ್ನು ಬೈಯದ ದಿನವಿರಲಿಲ್ಲ. ನನ್ನದೇ ಚಾನೆಲ್ ಆದ ಮೇಲೆ ಆ ಕಾಟ ತಪ್ಪಿತು. ನನಗೆ ಸರಿ ಕಂಡದ್ದನ್ನು ನಾನೇ ಹಾಕುತ್ತಿದ್ದೆ, ಬೇಡ ಎನ್ನಲು ಯಾರೂ ಇರಲಿಲ್ಲ.

ಆ ಚುನಾವಣೆಯ ಹೊತ್ತಿಗೆ ನಮ್ಮ ಕಡೆಯ ಪ್ರಚಾರವೆಲ್ಲ ಫೋನಿಗೆ ಇಳಿದಿತ್ತು. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಆಟೊ, ಕುಕ್ಕರ್, ಹೊಲಿಗೆ ಯಂತ್ರ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಿಗುತ್ತದೆ. ಚಿಹ್ನೆ ಕೈಗೆ ಬಂದದ್ದೇ ತಡ, ಅಭ್ಯರ್ಥಿಗಳು ನನ್ನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದರು. ‘ಸರ್, ಒಂದು ಸ್ಟೇಟಸ್ ಮಾಡಿಕೊಡ್ರಿ, ಹಾಡು ಜಬರ್ದಸ್ತ್ ಇರಬೇಕು.’ ಮಾಡಿಕೊಡುತ್ತಿದ್ದೆ. ಒಂದು ಓಣಿಯ ಮೆಂಬರ್ ಆಗಲು ಹೊರಟವನನ್ನು ಹಿಂದಿನಿಂದ ಬೆಳಕು ಬಿಟ್ಟು, ನಿಧಾನಗತಿಯಲ್ಲಿ ನಡೆಸಿ, ಡ್ರಮ್ ಬಾರಿಸಿ ಕೊಡುವುದು. ನೋಡಿ ನನಗೇ ನಗು ಬರುತ್ತಿತ್ತು. ಆದರೂ ಆ ಕೆಲಸದಲ್ಲಿ ಒಂದು ಚಟ ಹತ್ತಿತ್ತು. ಹಾಕಿದ ವಿಡಿಯೊ ಎಷ್ಟು ಮಂದಿಯ ಫೋನಿಗೆ ತಲುಪಿತು ಎಂಬ ಲೆಕ್ಕಕ್ಕೆ ರೀಚ್ ಎನ್ನುತ್ತಾರೆ. ಊಟದ ನಡುವೆಯೂ ಎಡಗೈಯಲ್ಲಿ ಫೋನ್ ಹಿಡಿದು ಅದನ್ನೇ ನೋಡುತ್ತಿದ್ದೆ.

ಹುಣಸಗಿ ಕಡೆಯ ಒಂದು ಊರಿಗೆ ನನ್ನ ಅಕ್ಕ ಶರಣಮ್ಮನನ್ನು ಕೊಟ್ಟಿದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಂದಿಯ ಹೆಸರುಗಳನ್ನೂ ಬದಲಿಸಿದ್ದೇನೆ, ಅಕ್ಕನದೂ ಸೇರಿ. ಕಾಲುವೆ ನೀರು ಬಂದ ಮೇಲೆ ಅದು ಭತ್ತದ ಊರಾಗಿದೆ. ಹಿಂದೆ ಹೊಳೆ, ಮುಂದೆ ಡಾಂಬರು ರಸ್ತೆ. ಹೊಳೆಗೆ ಹೋಗುವ ದಾರಿಯಲ್ಲಿ ಜಾಲಿ ಗಿಡಗಳು ಬೆಳೆದ ಒಂದು ಜಾಗವಿದೆ. ಅದನ್ನು ಹೆಣ್ಣುಮಕ್ಕಳ ಬಯಲು ಎನ್ನುತ್ತಾರೆ. ಸರ್ಕಾರದವರು ಶೌಚಾಲಯ ಕಟ್ಟಿಸಿದ್ದು ನಿಜ. ಆದರೆ ನೀರಿಲ್ಲದೆ ಬಹಳಷ್ಟರಲ್ಲಿ ಒಲೆಗೆ ಹಾಕುವ ಸಗಣಿ ಕುಳ್ಳು, ಗೊಬ್ಬರದ ಚೀಲ ತುಂಬಿಕೊಂಡಿದ್ದವು. ಹೆಂಗಸರಿಗೆ ಆ ಬಯಲೇ ಗತಿ. ಊರ ಸಾಹುಕಾರರು ಒಂದು ದಿನ ಅದಕ್ಕೆ ತಂತಿ ಬೇಲಿ ಹಾಕಿ, ಒಳಗೆ ಹುಲ್ಲಿನ ಬಣವೆ ಒಟ್ಟಿದರು. ಅಲ್ಲಿಂದ ಹೆಂಗಸರು ಕತ್ತಲಾಗುವುದನ್ನೇ ಕಾದು ಡಾಂಬರು ರಸ್ತೆಯ ಬದಿಗೆ ಹೋಗಬೇಕಾಯಿತು. ಬೈಕಿನ ಬೆಳಕು ಬಿದ್ದಾಗಲೆಲ್ಲ ಎದ್ದು ನಿಲ್ಲುವುದು, ಅದು ದಾಟಿದ ಮೇಲೆ ಕೂರುವುದು. ಇದನ್ನು ಗಂಡಸರ ಮುಂದೆ ಬಾಯಿ ಬಿಟ್ಟು ಯಾರು ಹೇಳುತ್ತಾರೆ? ಗ್ರಾಮಸಭೆಯಲ್ಲಿ ಈ ಮಾತು ಒಂದು ಸಲವೂ ಬಂದಿರಲಿಲ್ಲ.

ಆ ಸಲ ಅಕ್ಕನ ವಾರ್ಡಿನ ಒಂದು ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಸಾಹುಕಾರರ ತಮ್ಮನ ಹೆಂಡತಿ ನಿಂತರು. ಅವರ ಎದುರು ನಿಂತವಳು ಹೊಳೆ ದಂಡೆಯ ಓಣಿಯ ಭಾಗಮ್ಮ. ಗಂಡ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಭತ್ತದ ನಾಟಿಗೆ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುವುದು ಭಾಗಮ್ಮನ ಕೆಲಸ. ಹೀಗಾಗಿ ಊರಿನ ಎಲ್ಲ ಮನೆಗಳ ಹಿತ್ತಿಲ ಬಾಗಿಲೂ ಆಕೆಗೆ ಗೊತ್ತು. ಬೇಲಿ ಕೀಳಿಸಬೇಕು ಎಂಬ ಒಂದೇ ಕಾರಣಕ್ಕೆ ಆಕೆ ನಿಂತದ್ದು. ಆದರೆ ಅದನ್ನು ಹೊರಗೆ ಎಲ್ಲಿಯೂ ಹೇಳಿರಲಿಲ್ಲ. ಪೋಸ್ಟರಿಲ್ಲ, ಸ್ಟೇಟಸ್ಸಿಲ್ಲ, ಮೈಕಿಲ್ಲ.

ಅಕ್ಕನ ಮನೆಗೆ ಹೋದಾಗ ಅದನ್ನೇ ಕೇಳಿದೆ. ‘ಏನಕ್ಕಾ, ನಿಮ್ಮ ಭಾಗಮ್ಮ ಪ್ರಚಾರ ಸೈತ ಮಾಡವಲ್ಲಳು? ಸುಮ್ಮ ಠೇವಣಿ ಕಳ್ಕೊಳಾಕ ನಿಂತಾಳೇನು?’

ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ನಕ್ಕಳು. ‘ನಿನ್ನ ಕಣ್ಣಿಗಿ ಬಿದ್ರಷ್ಟೇ ಪ್ರಚಾರೇನೋ ತಮ್ಮ? ಆಕಿದು ಆಗ್ಲೇ ಅರ್ಧ ಊರು ಆಗ್ಯಾದ.’

ಆಮೇಲೆ ಮೆಲ್ಲಗೆ ಹೇಳಿದಳು. ಗಂಡಸರು ಹೊಲಕ್ಕೋ ಚಾದಂಗಡಿಗೋ ಹೋದ ಮಧ್ಯಾಹ್ನದ ಹೊತ್ತಿನಲ್ಲಿ ಭಾಗಮ್ಮ ಮನೆಮನೆಗೆ ಹೋಗುತ್ತಾಳೆ. ಓಟು ಕೇಳುವುದಿಲ್ಲ. ಸ್ವಲ್ಪ ಹೊತ್ತು ಕುಳಿತು ಬೇಲಿಯ ಮಾತಾಡುತ್ತಾಳೆ. ಒಪ್ಪಿದ ಮನೆಯ ಹೆಂಗಸು ಆಕೆಯನ್ನು ಒಳಗೆ ಕರೆದು ಉಡಿ ತುಂಬುತ್ತಾಳೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಬಸದ ಖಣ. ಅಲ್ಲಿಗೆ ಆ ಮನೆಯ ಹೆಂಗಸಿನ ಓಟು ಭಾಗಮ್ಮನದು. ಬಾಯಿಮಾತು ಬೇಕಾಗಿಲ್ಲ. ‘ಉಡ್ಯಾಗ ಹಾಕಿದ್ದು ಹಿಂದ ತಗೋತಾರೇನು?’ ಎಂದಳು ಅಕ್ಕ.

ನಮ್ಮಲ್ಲಿ ಉಡಿ ತುಂಬುವುದು ಮುತ್ತೈದೆಗೆ. ಗಂಡ ಸತ್ತ ಹೆಂಗಸಿನ ಸೆರಗಿಗೆ ಒಂದು ಹಿಡಿ ಅಕ್ಕಿಯನ್ನೂ ಯಾರೂ ಹಾಕುವುದಿಲ್ಲ. ಹಾಕಿದವಳ ಮನೆಗೆ ಕೇಡು ಎಂದು ಮನೆಯ ಹಿರಿಯರು ಹೆದರುತ್ತಾರೆ. ಅಂಥದ್ದರಲ್ಲಿ ಈ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ತಿಳಿಯದಂತೆ ಅದನ್ನು ಮಾಡುತ್ತಿದ್ದರು. ಸುದ್ದಿಯ ಕಸುಬಿನವನಿಗೆ ಇದಕ್ಕಿಂತ ದೊಡ್ಡದು ಇನ್ನೇನು ಸಿಗಬೇಕು? ಬೆನ್ನು ಬಿಡದೆ ಕಾಡಿದೆ. ಒಂದು ಸಲ, ಒಂದೇ ಸಲ ಶೂಟ್ ಮಾಡುತ್ತೇನೆ ಎಂದೆ. ಅಕ್ಕ ಉಳಿದವರನ್ನು ಕೇಳಿ ನಾಲ್ಕು ದಿನ ಬಿಟ್ಟು ಬರಹೇಳಿದಳು.

ಹೋದೆ. ಅಕ್ಕನ ಮನೆಯ ಒಳಕೋಣೆಯಲ್ಲಿ ಭಾಗಮ್ಮನಲ್ಲದೆ ಏಳು ಮಂದಿ ಹೆಂಗಸರಿದ್ದರು. ಅಕ್ಕನ ಅತ್ತೆ ಕೊಡೇಕಲ್‌ಗೆ ಹೋಗಿದ್ದರು, ಅದಕ್ಕೇ ಆ ದಿನ ಗೊತ್ತುಮಾಡಿದ್ದು. ಭಾಗಮ್ಮ ಗೋಡೆಗೆ ಒರಗಿ ಕುಳಿತಿದ್ದವಳು ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು. ‘ನೀವು ಶರಣಕ್ಕನ ತಮ್ಮ ಅಂತ ಒಳಗ ಬಿಟ್ಟೇವ್ರಿ. ಪೇಪರನವ್ರು ಅಂತ ಅಲ್ಲ. ಯಾರ ಮುಖಾನೂ ಬರಬಾರದು ನೋಡ್ರಿ,’ ಎಂದಳು.

‘ಮುಖ ಬರಂಗಿಲ್ಲವ್ವ. ನನ್ನ ಮ್ಯಾಲ ಬಿಡು,’ ಎಂದೆ.

‘ಇದನ್ನ ಯಾರು ನೋಡ್ತಾರ?’ ಎಂದು ಒಬ್ಬಾಕೆ ಕೇಳಿದಳು.

‘ಬೆಂಗಳೂರು, ಮೈಸೂರು ಕಡಿ ಮಂದಿ ನೋಡ್ತಾರ.’

‘ಹಂಗಾದ್ರ ನೋಡ್ಲಿ ಬಿಡು, ನಮಗೇನು,’ ಎಂದು ಎಲ್ಲರೂ ನಕ್ಕರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಬೆಂಗಳೂರಿನವರು ನೋಡುವ ಫೋನೂ ಈ ಊರಿನ ಚಾದಂಗಡಿಯಲ್ಲಿ ನೋಡುವ ಫೋನೂ ಬೇರೆ ಬೇರೆ ಅಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅದನ್ನು ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಶೂಟಿಂಗ್ ಆಗುತ್ತಿರಲಿಲ್ಲ.

ಬರೀ ಕೈಗಳನ್ನು ಹಿಡಿದೆ. ಒಂದೊಂದೇ ಕೈ ಬಂದು ಅಕ್ಕಿ ಹಾಕುವುದು, ಖಣ ಇಡುವುದು, ಕೊಬ್ಬರಿ ಬಟ್ಟಲು ಇಡುವುದು. ಕೆಳಗೆ ಎರಡು ಕೈಯಲ್ಲಿ ಹಿಡಿದ ಭಾಗಮ್ಮನ ಸೆರಗು. ಭಾಗಮ್ಮ ಅಳಲು ಶುರುಮಾಡಿದಳು. ‘ಅಳಬ್ಯಾಡಲೇ, ಅಕ್ಕಿ ತೊಯ್ತಾವ,’ ಎಂದು ಅಕ್ಕ ಗದರಿದಳು. ಅಳುತ್ತಿದ್ದವಳೂ ನಕ್ಕಳು, ನಕ್ಕವರೂ ಕಣ್ಣೊರೆಸಿಕೊಂಡರು.

ಚುನಾವಣೆ ಮುಗಿದ ಮೇಲೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮುಗಿದ ಮೇಲೆ ಅದನ್ನು ಯಾರು ನೋಡುತ್ತಾರೆ? ಹಾಗೆಂದೇ ನಾನು ಅಂದುಕೊಂಡದ್ದು. ಭಾಗಮ್ಮನಿಗೆ ಹೊರಗಿನವರ ಬೆಂಬಲ ಸಿಗುತ್ತದೆ, ಊರಿನವರಿಗೂ ನಾಚಿಕೆಯಾಗಿ ಬದಲಾಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಶಹಾಪುರಕ್ಕೆ ಬಂದವನೇ ಎಡಿಟ್‌ಗೆ ಕುಳಿತೆ. ಧ್ವನಿ ಕೇಳಿ ಗುರುತು ಹಿಡಿದಾರು ಎಂದು ಅವರ ಮಾತನ್ನೆಲ್ಲ ತೆಗೆದು ಕೊಳಲಿನ ಸಂಗೀತ ಹಾಕಿದೆ. ಊರಿನ ಹೆಸರು ಹಾಕಲಿಲ್ಲ. ಒಂದು ಕಡೆ ಕನ್ನಡಿಯಲ್ಲಿ ಯಾರದೋ ಅರ್ಧ ಮುಖ ಬಂದಿತ್ತು, ಅದನ್ನೂ ಮಸುಕು ಮಾಡಿದೆ. ಎಷ್ಟು ಜೋಪಾನ! ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ‘ವಿಧವೆಯ ಉಡಿ ತುಂಬಿದ ತಾಯಂದಿರು, ಹಳ್ಳಿಯೊಂದರ ಮೌನ ಕ್ರಾಂತಿ’. ಕೆಳಗೆ, ಚುನಾವಣೆಗೆ ನಿಂತವಳಿಗೆ ಉಡಿ ತುಂಬಿದರೆ ಓಟು ಕೊಟ್ಟಂತೆ ಎಂದು ಒಂದು ಸಾಲು. ಮೌನವಾಗಿ ನಡೆಯುತ್ತಿದ್ದುದನ್ನು ಕೂಗಿ ಹೇಳುತ್ತಿದ್ದೇನೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ಸಂಜೆಯೇ ಅಪ್‌ಲೋಡ್ ಮಾಡಿದೆ.

ಅಬ್ಬಾ, ಆ ಸಂಜೆ! ನಾನು ಹಾಕಿದ ಯಾವ ವಿಡಿಯೊ ಕೂಡ ಹಾಗೆ ಓಡಿರಲಿಲ್ಲ. ನೋಡಿದವರ ಸಂಖ್ಯೆ ಮರುದಿನ ಮಧ್ಯಾಹ್ನದೊಳಗೆ ಲಕ್ಷ ದಾಟಿತು. ‘ಇಂಥ ತಾಯಂದಿರಿಗೆ ಶರಣು’, ‘ನಿಜವಾದ ಕರ್ನಾಟಕ ಇಲ್ಲಿದೆ’, ‘ಕಣ್ಣು ತುಂಬಿ ಬಂತು ಸರ್’. ಮೈಸೂರಿನ ಒಬ್ಬ ಅಧ್ಯಾಪಕಿ ಫೋನ್ ಮಾಡಿ ಹತ್ತು ನಿಮಿಷ ಹೊಗಳಿದರು. ಟಿ.ವಿ.ಯವರೊಬ್ಬರು ಆ ಹೆಂಗಸರ ನಂಬರ್ ಕೇಳಿದರು. ಕೊಡುವುದಿಲ್ಲ, ಅವರ ಗುಟ್ಟು ಕಾಯಬೇಕು ಎಂದು ದೊಡ್ಡ ಮನುಷ್ಯನಂತೆ ಹೇಳಿದೆ. ನೆನೆಸಿಕೊಂಡರೆ ಈಗಲೂ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆ ಮರುದಿನವೇ ಸಂಜೆ ಭಾವನ ಫೋನ್ ಬಂತು. ಅಕ್ಕನ ಗಂಡ ಮಲ್ಲಣ್ಣ ಮಿತಭಾಷಿ. ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ, ಆಗಲೂ ಏರಿಸಲಿಲ್ಲ.

‘ನೀ ಹಾಕಿದ್ದು ನೋಡಿದೆ,’ ಎಂದ.

‘ಅದು ಬ್ಯಾರೆ ಊರಿಂದು ಭಾವ,’ ಎಂದು ಸುಳ್ಳು ಹೇಳಿದೆ.

‘ನಿಮ್ಮ ಅಕ್ಕನ ಕೈಲೆ ಇಪ್ಪತ್ತೈದು ವರ್ಷದಿಂದ ಉಣ್ಣಾಕತ್ತೇನಿ. ನನಗ ಆ ಕೈ ಗುರ್ತ ಹತ್ತಂಗಿಲ್ಲೇನು?’

ಫೋನ್ ಇಟ್ಟು ಮತ್ತೆ ಆ ವಿಡಿಯೊ ನೋಡಿದೆ. ಅಲ್ಲಿಯವರೆಗೆ ಕಾಣದ್ದು ಆಗ ಕಂಡಿತು. ಅಕ್ಕನ ಮೊಣಕೈ ಕೆಳಗಿನ ಹಚ್ಚೆ. ಒಬ್ಬಾಕೆಯ ಸೊಟ್ಟ ಕಿರುಬೆರಳು, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹಾಗಾದದ್ದು, ಊರಿಗೆಲ್ಲ ಗೊತ್ತಿರುವುದು. ಇನ್ನೊಬ್ಬಾಕೆಯ ಹಸಿರು ಬಳೆಗಳ ನಡುವೆ ಒಂದು ತಾಮ್ರದ ಕಡಗ. ಬೆಂಗಳೂರಿನವರಿಗೆ ಅವು ಬರೀ ಕೈಗಳು. ಆ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದೊಂದು ಕೈಯೂ ಹೆಸರು ಹಿಡಿದು ಕರೆದಂತೆ. ಕಳೆ ಕೀಳುವಾಗ, ಬುತ್ತಿ ಬಿಚ್ಚುವಾಗ, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ದಿನವೂ ನೋಡುವ ಕೈ. ಹಳ್ಳಿಯಲ್ಲಿ ಬೆಳೆದ ನನಗೆ ಇದು ತಿಳಿಯದೆ ಹೋಯಿತೆ? ತಿಳಿದಿತ್ತು. ಕ್ಯಾಮೆರಾ ಹಿಡಿದಾಗ ನಾನು ನೋಡುವವರ ಕಡೆಯವನಾಗಿಬಿಟ್ಟಿದ್ದೆ.

ಬೆಳಗಾಗುತ್ತಲೇ ಬೈಕ್ ಹತ್ತಿ, ಸುರಪುರ ದಾಟಿ ಹುಣಸಗಿ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕೂಡಿಸುತ್ತ ಹೋದೆ. ಊರ ಚಾದಂಗಡಿಯ ಮುಂದೆ ಹತ್ತಾರು ಗಂಡಸರು ಒಂದು ಫೋನಿನ ಸುತ್ತ ನಿಂತಿದ್ದರು. ವಿಡಿಯೊ ಓಡಿಸುವುದು, ಒಂದು ಕೈ ಬಂದ ಕೂಡಲೇ ನಿಲ್ಲಿಸುವುದು. ‘ಇದ್ಯಾರ್ದು ಹೇಳ್ರಿ ನೋಡೋಣ?’ ಒಬ್ಬ ಹೆಸರು ಹೇಳಿದರೆ ಉಳಿದವರು ಗೊಳ್ಳೆಂದು ನಗುವುದು. ಹೆಸರು ಬಂದ ಹೆಂಗಸಿನ ಗಂಡ ಅಲ್ಲೇ ಇದ್ದರೆ ಅವನ ಬೆನ್ನು ತಟ್ಟುವುದು. ನಾನು ಹಾಕಿದ ವಿಡಿಯೊವನ್ನೇ ಯಾರೋ ಮತ್ತೆ ಎಡಿಟ್ ಮಾಡಿ, ಒಂದೊಂದು ಕೈಗೂ ಕೆಂಪು ವೃತ್ತ ಹಾಕಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಟ್ಟು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟಿದ್ದರು. ಕೊಳಲಿನ ಸಂಗೀತ ನನ್ನದೇ ಇತ್ತು.

ಅಲ್ಲಿಯವರೆಗೆ ಸಾಹುಕಾರರ ಕಡೆಯವರಿಗೆ ಭಾಗಮ್ಮ ಲೆಕ್ಕಕ್ಕೇ ಇರಲಿಲ್ಲ. ಈಗ ಎಚ್ಚೆತ್ತರು. ಇಲ್ಲಿ ಏಳು ಕೈ ಇದ್ದರೆ ಊರಲ್ಲಿ ಇನ್ನೆಷ್ಟಿರಬೇಕು ಎಂದು ಮನೆಮನೆ ತಿರುಗಿದರು. ಅವರು ಯಾರನ್ನೂ ಬೆದರಿಸಬೇಕಾಗಲಿಲ್ಲ. ‘ನಿಮ್ಮ ಮನ್ಯಾಗೂ ರಂಡಿಮುಂಡಿಗಿ ಉಡಿ ತುಂಬ್ಯಾರಂತಲ್ಲ, ಖರೇ ಏನು?’ ಎಂದು ಕೇಳಿದರೆ ಸಾಕಿತ್ತು. ಉಳಿದದ್ದನ್ನು ಮನೆಯವರೇ ಮಾಡುತ್ತಿದ್ದರು. ಒಬ್ಬಾಕೆಯನ್ನು ತವರಿಗೆ ಕಳಿಸಿದ್ದರು. ಸೊಟ್ಟ ಬೆರಳಿನಾಕೆಯ ಮಗಳ ನಿಶ್ಚಯ ಆಗುವುದಿತ್ತು. ಗಂಡಿನ ಕಡೆಯವರು, ಸ್ವಲ್ಪ ದಿನ ತಡೆಯೋಣ ಎಂದು ಹೇಳಿ ಕಳಿಸಿದ್ದರು.

ಅಕ್ಕ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ತಲೆ ಎತ್ತಲಿಲ್ಲ.

‘ಅತ್ತಿ ನನ್ನ ಕೈಲೆ ನೀರು ಸೈತ ಇಸ್ಕೊವಲ್ಲಳು,’ ಎಂದಳು.

‘ಅಕ್ಕಾ, ನಾ ಮುಖ ತೋರ್ಸಿಲ್ಲ. ಮಾತು ಉಳಿಸ್ಕೊಂಡೇನಿ.’

‘ಹೌದಪಾ, ಉಳಿಸ್ಕೊಂಡಿ. ಅದ್ರ ಬದ್ಲಿ ನಮ್ಮ ಹೆಸರು ಓದಿ ಹೇಳಿದ್ರ ಛಲೋ ಇತ್ತು. ಈಗ ಓಣ್ಯಾಗ ಹೊಂಟ್ರ ಒಬ್ಬೊಬ್ಬರ ಕೈ ನೋಡಾಕತ್ತಾರ.’

ವಿಡಿಯೊ ಅಳಿಸಿದ್ದೇನೆ ಎಂದೆ. ನಿಜ, ದಾರಿಯಲ್ಲೇ ಬೈಕ್ ನಿಲ್ಲಿಸಿ ಅಳಿಸಿದ್ದೆ. ಆದರೆ ಒಬ್ಬರಿಂದ ಒಬ್ಬರಿಗೆ ಹೋದ ಪ್ರತಿಗಳಿಗೆ ನಾನು ಮಾಲೀಕನಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ. ‘ಈಗಿಂದೀಗ ಲೈವ್ ಬಂದು ಆ ಮಕ್ಳನ್ನ ಝಾಡಿಸ್ತೇನಿ ನೋಡು,’ ಎಂದು ಫೋನ್ ತೆಗೆದೆ. ಅಕ್ಕ ಕೈಯಲ್ಲಿದ್ದ ತಾಟನ್ನು ಕಲ್ಲಿನ ಮೇಲೆ ಕುಕ್ಕಿದಳು. ‘ಬಾಯಿ ಮುಚ್ಚು. ಇನ್ನೊಂದು ಹಾಕಿದ್ರ ನನ್ನ ಹೆಣ ನೋಡ್ತಿ.’ ಅಕ್ಕ ನನಗೆ ಹಾಗೆ ಎಂದೂ ಅಂದವಳಲ್ಲ.

ಆ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಭಾಗಮ್ಮನ ದನಿ ಕೇಳಿತು. ಹೋಗಿ ನೋಡಿದೆ. ತಲೆಯ ಮೇಲೆ ಬುಟ್ಟಿ, ಅದರಲ್ಲಿ ಬಟ್ಟೆಯ ಚಿಕ್ಕ ಚಿಕ್ಕ ಗಂಟುಗಳು. ಗೆದ್ದ ಮೇಲೆ ಎಲ್ಲರ ಅಕ್ಕಿ ಕೂಡಿಸಿ ಅಡಿಗೆ ಮಾಡಿ, ಉಡಿ ತುಂಬಿದವರನ್ನೆಲ್ಲ ಕರೆದು ಉಣಿಸಬೇಕೆಂದು ಆಕೆ ಒಂದೊಂದು ಮನೆಯದನ್ನೂ ಬೇರೆ ಬೇರೆ ಕಟ್ಟಿಟ್ಟಿದ್ದಳು. ಆ ಗಂಟುಗಳನ್ನು ಈಗ ತಿರುಗಿ ಕೊಡುತ್ತ ಬರುತ್ತಿದ್ದಳು. ಗಂಡಸರು ಮನೆಯಲ್ಲಿರುವ ಹೊತ್ತನ್ನೇ ಹುಡುಕಿ, ಅವರಿಗೆ ಕಾಣುವಂತೆ, ಹೊಸ್ತಿಲ ಹೊರಗೆ ನಿಂತು.

ಅಕ್ಕನ ಅತ್ತೆ ಜಗುಲಿಯಲ್ಲಿ ಕುಳಿತಿದ್ದರು. ಮಲ್ಲಣ್ಣ ಕಂಬಕ್ಕೆ ಒರಗಿ ನಿಂತಿದ್ದ.

‘ಯವ್ವಾ, ನಿಮ್ಮ ಮನಿ ಅಕ್ಕಿ ನಿಮಗ ಮುಟ್ಟ್ಯಾವ,’ ಎಂದಳು ಭಾಗಮ್ಮ. ‘ನಿಮ್ಮ ಸೊಸಿ ಮ್ಯಾಲ ನಂದೇನೂ ಇಲ್ಲ. ಆಕಿದೇನೂ ತಪ್ಪಿಲ್ಲ, ನಾನೇ ಸೆರಗು ಒಡ್ಡಿದ್ದು.’ ಅದು ಸುಳ್ಳು. ಆಕೆ ಒಡ್ಡಿರಲಿಲ್ಲ. ಅಕ್ಕನೇ ಕರೆದು ಕೂರಿಸಿದ್ದಳು.

ಅತ್ತೆ ಅಕ್ಕಿ ಕೇರುವ ಮೊರ ತಂದು ದೂರದಿಂದ ಚಾಚಿದರು. ಭಾಗಮ್ಮ ಅದರಲ್ಲಿ ಗಂಟು ಇಟ್ಟಳು. ಬಾಗಿಲ ಹಿಂದೆ ಅಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಿದ್ದಳು. ಮಲ್ಲಣ್ಣ ನೆಲ ನೋಡುತ್ತಿದ್ದ.

ನಾನು ಓಣಿಯಲ್ಲಿ ಆಕೆಯ ಹಿಂದೆ ಓಡಿದೆ. ‘ಭಾಗಮ್ಮ, ಯಾಕ ಹಿಂಗ ಮಾಡಾಕತ್ತಿ? ಓಟು ಹಾಕೋದು ಯಾರಿಗೂ ಕಾಣಂಗಿಲ್ಲ. ಒಳಗ ಹೋಗಿ ಗುಟ್ಟಾಗಿ ನಿನಗೇ ಒತ್ತತಾರ. ಇನ್ನೂ ಗೆಲ್ಲಬಹುದು.’

ಆಕೆ ನಿಂತು ಬುಟ್ಟಿ ಇಳಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

‘ನಾ ಗೆದ್ರ ಇವ್ರ ಮನ್ಯಾಗ ಏನಾಗ್ತದ ಗೊತ್ತೇನ್ರಿ? ಇವ್ಳೇ ಹಾಕ್ಯಾಳ, ಇವ್ಳೇ ಹಾಕ್ಯಾಳ ಅಂತ ಐದು ವರ್ಷ ಹೊಡಸ್ಕೋತಾರ. ನಾ ಸೋತ್ರ ಎಲ್ರೂ ಆರಾಮ ಇರ್ತಾರ.’

ಬುಟ್ಟಿ ಎತ್ತಲು ಬಗ್ಗಿದವಳು ಮತ್ತೆ ಹೇಳಿದಳು. ‘ಸೋಲು ಬಿಡ್ರಿ. ಗಂಡ ಸತ್ತ ಮ್ಯಾಲ ಮೊದಲ್ನೇ ಸಲ ಉಡಿ ತುಂಬಿಸ್ಕೊಂಡಿದ್ದೆ. ತಿರುಗಿ ಕೊಡಾಕ ಹೊಟ್ಟಿ ಉರೀತದ.’

ಬುಟ್ಟಿ ಎತ್ತಿಕೊಡಲು ಕೈ ಚಾಚಿದೆ. ಬೇಡ ಎಂದು ತಾನೇ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಮತದಾನ ನಡೆಯಿತು. ಭಾಗಮ್ಮ ಸೋತಳು, ಆದರೆ ದೊಡ್ಡ ಅಂತರದಿಂದಲ್ಲ. ಎಣಿಕೆ ಕೇಂದ್ರದ ಹೊರಗೆ ನಿಂತು ನಾನು ಆ ಅಂಕಿಯನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ಆ ವಿಡಿಯೊ ಇಲ್ಲದಿದ್ದರೆ ಗೆಲ್ಲುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅತ್ತ ಬೇರೆಯವರು ಹಂಚಿದ ಪ್ರತಿಗಳ ಕೆಳಗೆ ಹೊರಗಿನವರ ಕಮೆಂಟುಗಳು ಬರುತ್ತಲೇ ಇದ್ದವು. ಯಾರಿಂದಲೋ ಸೋತ ಸುದ್ದಿ ಕೇಳಿ ಅಳುವ ಮುಖದ ಚಿತ್ರಗಳು, ‘ಈ ಹಳ್ಳಿಗಳು ಎಂದಿಗೂ ಉದ್ಧಾರವಾಗಲ್ಲ’ ಎಂಬ ಬೈಗಳು. ಲಕ್ಷಗಟ್ಟಲೆ ಮಂದಿ ನೋಡಿ ಮೆಚ್ಚಿದ್ದರು. ಆ ವಾರ್ಡಿನಲ್ಲಿ ಓಟು ಹಾಕುವ ಹಕ್ಕು ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಮೆಚ್ಚಿಗೆ ಅವರದು, ಪೆಟ್ಟು ಆ ಏಳು ಮಂದಿಯದು. ಅದನ್ನು ಹಂಚಿದವನು ನಾನು.

ಆಮೇಲೂ ಚಾನೆಲ್ ನಡೆಸಿದೆ; ಹೊಟ್ಟೆಪಾಡು. ಆದರೆ ಮೊದಲಿನ ಹುರುಪು ಉಳಿಯಲಿಲ್ಲ. ಅಳಿಸಿದ ಆ ವಿಡಿಯೊ ಪ್ರತಿ ವರ್ಷ ಮಹಿಳಾ ದಿನಾಚರಣೆಗೆ ಹೊಸ ಹೊಸ ತಲೆಬರಹದೊಂದಿಗೆ ಎದ್ದು ಬರುತ್ತದೆ. ಗೊತ್ತಿಲ್ಲದವರು ನನಗೇ ಕಳಿಸುತ್ತಾರೆ, ‘ಎಂಥ ಸುಂದರ ದೃಶ್ಯ ನೋಡಿ ಸರ್’ ಎಂದು. ಆ ದಿನ ಪೂರ್ತಿ ಫೋನ್ ಮುಟ್ಟಲು ಮನಸ್ಸಾಗುವುದಿಲ್ಲ. ಅಕ್ಕ ಮಾತು ಬಿಡಲಿಲ್ಲ, ಹಬ್ಬಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಆದರೆ ನಾನು ಒಳಗೆ ಹೋದ ಕೂಡಲೇ ಹೆಂಗಸರ ಮಾತು ಮಳೆ ಬೆಳೆಯ ಕಡೆಗೆ ತಿರುಗುತ್ತಿತ್ತು.

ಎರಡೂವರೆ ವರ್ಷ ಕಳೆದಿತ್ತು. ಗೆದ್ದಿದ್ದ ಸದಸ್ಯೆ ಗಂಡನ ಜೊತೆ ಕಲಬುರಗಿಗೆ ಮನೆ ಬದಲಿಸಿ ರಾಜೀನಾಮೆ ಕೊಟ್ಟಿದ್ದರು. ಆ ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಅದು ನಡೆದದ್ದು ನನಗೆ ತಿಳಿದದ್ದೇ ಫಲಿತಾಂಶ ಬಂದ ಮೇಲೆ, ಸುರಪುರದ ಒಬ್ಬ ವರದಿಗಾರ ಮಿತ್ರನಿಂದ. ಭಾಗಮ್ಮ ಗೆದ್ದಿದ್ದಳು. ಕುಣಿಯುವಷ್ಟು ಸಂತೋಷವಾಯಿತು. ಹಿಂದೆಯೇ ಏನೋ ಚುಚ್ಚಿತು. ಮತದಾನಕ್ಕೆ ನಾಲ್ಕು ದಿನ ಮೊದಲು ನಾನು ಅಕ್ಕನ ಮನೆಯಲ್ಲಿ ಊಟ ಮಾಡಿ ಬಂದಿದ್ದೆ. ಅವಳು ಸೊಲ್ಲೆತ್ತಿರಲಿಲ್ಲ.

ಫೋನ್ ಮಾಡಿದೆ. ‘ಅಕ್ಕಾ, ಭಾಗಮ್ಮ ಗೆದ್ದಾಳಂತಲ್ಲ.’

‘ಹೌದು, ಗೆದ್ದಾಳ.’

‘ನನಗೊಂದು ಮಾತು ಹೇಳಲಿಲ್ಲ?’

‘ಅದಕ್ಕೇ ಗೆದ್ದಾಳ,’ ಎಂದಳು ಅಕ್ಕ.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೆ. ಮತ್ತೆ ಉಡಿ ತುಂಬಿದರೇ, ಬೇರೆ ಏನಾದರೂ ಮಾಡಿದರೇ, ನಾನು ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ. ಬೇಲಿ ತೆಗೆಸಿದ್ದಾರೆ. ಆ ಜಾಗದ ಮೂಲೆಯಲ್ಲಿ ನೀರಿನ ತೊಟ್ಟಿ ಕಟ್ಟಿಸಿ, ಹೆಂಗಸರಿಗೆ ಸಾಲಾಗಿ ಶೌಚಾಲಯ ಮಾಡಿಸಿದ್ದಾರೆ. ಅದರ ಫೋಟೊ ನಾನು ತೆಗೆದಿಲ್ಲ.

ಇಷ್ಟು ವರ್ಷದ ಕಸುಬಿನಲ್ಲಿ ಸುಳ್ಳು ಸುದ್ದಿಯಿಂದ ಆಗುವ ಹಾನಿಯ ಬಗ್ಗೆ ಬಹಳ ಭಾಷಣ ಮಾಡಿದ್ದೇನೆ, ಕಾಲೇಜುಗಳಿಗೆ ಹೋಗಿ ಹುಡುಗರಿಗೆ ಪಾಠ ಹೇಳಿದ್ದೇನೆ. ನಾನು ಹಾಕಿದ್ದು ಸುಳ್ಳಾಗಿರಲಿಲ್ಲ. ಒಂದು ಅಕ್ಷರವೂ ಸುಳ್ಳಲ್ಲ, ಕೆಟ್ಟ ಮನಸ್ಸಿನಿಂದ ಹಾಕಿದ್ದೂ ಅಲ್ಲ. ನಿಜವಾದದ್ದರಿಂದಲೇ ಇಷ್ಟೆಲ್ಲ ಹಾನಿಯಾಯಿತು. ಈಗ ಏನನ್ನೇ ಹಾಕುವ ಮೊದಲು ಎದುರಿಗಿರುವವರಿಗೆ ಒಂದು ಮಾತು ಬಿಡಿಸಿ ಹೇಳುತ್ತೇನೆ: ಇದನ್ನು ಮೊದಲು ನೋಡುವವರು ದೂರದವರಲ್ಲ, ನಿಮ್ಮ ಓಣಿಯವರು. ಅರ್ಧ ಮಂದಿ ಆಗಲೇ ಬೇಡ ಎನ್ನುತ್ತಾರೆ. ಚಾನೆಲ್ ಸೊರಗಿದೆ. ಸೊರಗಲಿ.

ಈ ಪ್ರಕರಣವನ್ನು ಬರೆಯಬೇಕು ಅನಿಸಿದಾಗ, ಹೋದ ತಿಂಗಳು, ಭಾಗಮ್ಮನ ಮನೆಗೆ ಹೋಗಿ ಅಪ್ಪಣೆ ಕೇಳಿದೆ. ಅಕ್ಕನೂ ಪಕ್ಕದಲ್ಲಿದ್ದಳು.

‘ಬರಕೋರಿ,’ ಎಂದಳು ಭಾಗಮ್ಮ. ‘ಆದ್ರ ನಮ್ಮನ್ನ ಹೊಗಳಬ್ಯಾಡ್ರಿ. ಬೈಯೋರ ನಡುವ ಹ್ಯಾಂಗರ ಬದುಕ್ತೇವಿ. ಹೋದ ಸಲ ನೀವು ಹೊಗಳಿದ್ದು ತಡಕೊಳಾಕ ಆಗಲಿಲ್ಲ.’

ಬರೆದು ಮುಗಿಸಿದ ಮೇಲೆ ಮತ್ತೆ ಹೋಗಿ ಇದನ್ನು ಇಬ್ಬರಿಗೂ ಓದಿ ಹೇಳಿದೆ. ಕೆಲವು ಕಡೆ ತಡೆದು, ಇಲ್ಲಿ ಹೊಗಳೀರಿ, ತೆಗೀರಿ ಎಂದರು. ತೆಗೆದಿದ್ದೇನೆ.